ಟವರ್‌ಗೆ ಹೆದರುವ ಮೊದಲು ಕೈಯಲ್ಲಿರುವ ಫೋನ್ ನೋಡಿ

ಕುಬಸಕ್ಕೆ (ಸೀಮಂತಕ್ಕೆ) ತವರಿಗೆ ಬಂದಿದ್ದ ನನ್ನ ತಂಗಿ ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ನಾಲ್ಕನೇ ದಿನ ಅವ್ವ ಬಿಡದೆ ಕೇಳಿದಾಗ ವಿಷಯ ಹೊರಗೆ ಬಂತು. ತಂಗಿಯ ಗಂಡನ ಊರು ತುರ್ವಿಹಾಳದ ಹತ್ತಿರ. ಅಲ್ಲಿ ಅವರ ಮನೆಯ ಹಿಂದಿನ ಓಣಿಯಲ್ಲಿ ಹೊಸ ಟವರ್ ಎದ್ದಿತ್ತು. "ಅಣ್ಣ, ನೀನು ಟವರ್ ಹತ್ತಿದವ. ಖರೇನ ಹೇಳು, ಹೊಟ್ಟ್ಯಾಗಿನ ಕೂಸಿಗೆ ಏನರ ಆಗ್ತದೇನು?" ಅಂದಳು.

ನಾನು ಹನ್ನೊಂದು ವರ್ಷ ರಾಯಚೂರು, ಕೊಪ್ಪಳ ಕಡೆಯ ಟವರ್‌ಗಳಲ್ಲಿ ಟೆಕ್ನಿಷಿಯನ್ ಆಗಿದ್ದೆ. ಈಗ ಸಿಂಧನೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಡಿಸ್‌ಪ್ಲೇ ಹಾಕಿಸಲು ಬಂದವರೂ ಇದೇ ಪ್ರಶ್ನೆ ಕೇಳುತ್ತಾರೆ. ಅವತ್ತು ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ್ದನ್ನು ಇನ್ನಷ್ಟು ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ. ಏನು ಮಾಡಬೇಕು, ಯಾವುದನ್ನು ಮೊದಲು ಮಾಡಬೇಕು, ಯಾವುದಕ್ಕೆ ನಿದ್ದೆ ಕೆಡಿಸಿಕೊಳ್ಳಬಾರದು, ಇಷ್ಟೇ.

ಈ ಅಲೆ ಮೈಗೆ ಏನು ಮಾಡುತ್ತದೆ

ಗೊಂದಲಕ್ಕೆಲ್ಲ ಕಾರಣ ರೇಡಿಯೇಷನ್ ಅನ್ನುವ ಒಂದೇ ಮಾತು. ಎಕ್ಸ್‌ರೇಗೂ ಅದೇ ಹೆಸರು, ಫೋನಿನ ಅಲೆಗೂ ಅದೇ ಹೆಸರು. ಆದರೆ ಎರಡೂ ಬೇರೆ ಬೇರೆ. ಎಕ್ಸ್‌ರೇ ನಮ್ಮ ಜೀವಕೋಶದೊಳಗಿನ ಡಿಎನ್‌ಎಯನ್ನು ನೇರವಾಗಿ ಮುರಿಯುವಷ್ಟು ಬಲವುಳ್ಳದ್ದು. ಫೋನ್, ಟವರ್, ವೈಫೈಗಳ ರೇಡಿಯೋ ಅಲೆಗೆ ಆ ಬಲ ಇಲ್ಲ. ಅದು ಮೈಗೆ ಮಾಡುತ್ತದೆ ಎಂದು ಖಚಿತವಾಗಿ ಗೊತ್ತಿರುವ ಕೆಲಸ ಒಂದೇ: ಬಿಸಿ ಮಾಡುವುದು. ಮೈಕ್ರೋವೇವ್ ಒಲೆ ಅನ್ನ ಬಿಸಿ ಮಾಡುವುದು ಇದೇ ಜಾತಿಯ ಅಲೆಯಿಂದ. ಆ ಒಲೆಯ ಶಕ್ತಿ 700, 800 ವ್ಯಾಟ್. ನಿಮ್ಮ 4ಜಿ ಫೋನಿನದು ಹೆಚ್ಚೆಂದರೆ ಸುಮಾರು 0.2 ವ್ಯಾಟ್.

ಇಡೀ ಮೈ ಒಂದು ಕಿಲೋ ತೂಕಕ್ಕೆ 4 ವ್ಯಾಟ್‌ನಂತೆ ಅರ್ಧ ಗಂಟೆ ಹೀರಿಕೊಂಡರೆ ಮೈಬಿಸಿ ಸುಮಾರು ಒಂದು ಡಿಗ್ರಿ ಏರುತ್ತದೆ. ಅದರ ಐವತ್ತನೇ ಒಂದು ಭಾಗವನ್ನು, ಅಂದರೆ ಕಿಲೋಗೆ 0.08 ವ್ಯಾಟನ್ನು, ಸಾಮಾನ್ಯ ಜನರಿಗೆ ಅಂತರರಾಷ್ಟ್ರೀಯ ಮಿತಿ ಎಂದು ಇಟ್ಟಿದ್ದಾರೆ.

ಕ್ಯಾನ್ಸರ್ ಪ್ರಶ್ನೆಯನ್ನು ಮುಚ್ಚಿಡುವುದಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರೇಡಿಯೋ ಅಲೆಗಳನ್ನು 2ಬಿ ಗುಂಪಿಗೆ ಸೇರಿಸಿತು. "ಕ್ಯಾನ್ಸರ್ ತರಬಹುದು ಎಂಬ ಅನುಮಾನ ಇದೆ, ಸಾಕ್ಷಿ ಸಾಲದು" ಅನ್ನುವ ಗುಂಪು ಅದು. ಬೀಡಿ, ಸಿಗರೇಟು ಇರುವುದು 1ನೇ ಗುಂಪಿನಲ್ಲಿ. ಹದಿಮೂರು ದೇಶಗಳು ಸೇರಿ ಮಾಡಿದ ಇಂಟರ್‌ಫೋನ್ ಅಧ್ಯಯನ 2010ರಲ್ಲಿ ಬಂತು. ಒಟ್ಟಾರೆ ಅಪಾಯ ಕಾಣಲಿಲ್ಲ. ಅತಿ ಹೆಚ್ಚು ಮಾತಾಡಿದ ಗುಂಪಿನಲ್ಲಿ ಮಾತ್ರ ಒಂದು ಬಗೆಯ ಮೆದುಳಿನ ಗೆಡ್ಡೆ ಸ್ವಲ್ಪ ಜಾಸ್ತಿ ಕಂಡಿತು. ಆದರೆ ಎಷ್ಟು ಮಾತಾಡಿದ್ದೆವು ಎಂದು ರೋಗಿಗಳೇ ನೆನಪಿನಿಂದ ಹೇಳಿದ ಲೆಕ್ಕ ಅದು. ಹಾಗಾಗಿ ಪೂರ್ತಿ ನಂಬುವಂತಿಲ್ಲ ಎಂದು ಅದನ್ನು ಮಾಡಿದವರೇ ಹೇಳಿದರು. 2018ರಲ್ಲಿ ಅಮೆರಿಕದ ಪ್ರಯೋಗವೊಂದರಲ್ಲಿ ಇಲಿಗಳ ಇಡೀ ಮೈಗೆ ದಿನಕ್ಕೆ ಒಂಬತ್ತು ಗಂಟೆ, ಎರಡು ವರ್ಷ ಅಲೆ ಬಿಟ್ಟರು. ಗಂಡು ಇಲಿಗಳ ಹೃದಯದಲ್ಲಿ ಗೆಡ್ಡೆ ಕಂಡವು. ಆದರೆ ಅಲೆ ಬಿಟ್ಟ ಗಂಡು ಇಲಿಗಳೇ ಬಿಡದ ಇಲಿಗಳಿಗಿಂತ ಹೆಚ್ಚು ದಿನ ಬದುಕಿದವು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಮಾಡಿಸಿದ ದೊಡ್ಡ ಪರಿಶೀಲನೆ ಬಂತು. 63 ಅಧ್ಯಯನಗಳನ್ನು ಜೋಡಿಸಿ ನೋಡಿದ ಮೇಲೂ ಮೊಬೈಲಿಗೂ ಮೆದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ.

ಇದನ್ನೆಲ್ಲ ಓದಿ ನಾನು ಮಾಡಿಕೊಂಡ ತೀರ್ಮಾನ: ಗಾಬರಿ ಬೇಡ. ಆದರೆ ಖರ್ಚಿಲ್ಲದೆ ಕಡಿಮೆ ಮಾಡಬಹುದಾದ್ದನ್ನು ಕಡಿಮೆ ಮಾಡೋಣ. ಅದನ್ನು ಶುರು ಮಾಡಬೇಕಾದ ಜಾಗ ಫೋನ್.

ಮೊದಲು ಫೋನ್

ಟವರ್ ದೂರದಲ್ಲಿದೆ, ಫೋನ್ ಕಿವಿಗೆ ಅಂಟಿದೆ. ದೂರ ಎರಡು ಪಟ್ಟಾದರೆ ಅಲೆಯ ಬಲ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಹೆಚ್ಚಿನವರ ತಲೆಗೆ ದಿನವಿಡೀ ತಾಗುವ ಅಲೆಯಲ್ಲಿ ದೊಡ್ಡ ಪಾಲು ಅವರ ಸ್ವಂತ ಫೋನಿನದೇ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಫೋನ್ ಯಾವಾಗಲೂ ಒಂದೇ ಬಲದಲ್ಲಿ ಅಲೆ ಬಿಡುವುದಿಲ್ಲ. ಟವರ್ ಹತ್ತಿರ ಇದ್ದರೆ ಮೆಲ್ಲಗೆ ಮಾತಾಡುತ್ತದೆ. ದೂರ ಇದ್ದರೆ ಕೂಗುತ್ತದೆ. ಹೊಲದ ಆ ತುದಿಯಲ್ಲಿರುವ ಮನುಷ್ಯನನ್ನು ನಾವು ಕೂಗಿ ಕರೆಯುತ್ತೇವೆ ಅಲ್ವಾ, ಹಾಗೆಯೇ. ನಮ್ಮ ತಾಲ್ಲೂಕಿನ ಕೆಲವು ಕ್ಯಾಂಪ್‌ಗಳಲ್ಲಿ, ಅಂದರೆ ಸಣ್ಣ ಊರುಗಳಲ್ಲಿ, ಸಿಗ್ನಲ್ ಒಂದೇ ಕಡ್ಡಿ ಇರುತ್ತದೆ. ಅಲ್ಲಿ ಹತ್ತು ನಿಮಿಷ ಮಾತಾಡಿದರೆ ಫೋನ್ ಕೈಯಲ್ಲಿ ಬಿಸಿಯಾಗುತ್ತದೆ. ಆ ಬಿಸಿಯಲ್ಲಿ ಹೆಚ್ಚಿನದು ಬ್ಯಾಟರಿಯದು, ಸರ್ಕ್ಯೂಟಿನದು. ಆದರೂ ಅದು ಸುಳಿವು: ಫೋನ್ ಕೂಗುತ್ತಿದೆ. ಅಂದರೆ ಹತ್ತಿರದಲ್ಲಿ ಟವರ್ ಇದ್ದರೆ ಕಿವಿಯ ಹತ್ತಿರದ ಫೋನ್ ಕಡಿಮೆ ಬಲದಲ್ಲಿ ಕೆಲಸ ಮಾಡುತ್ತದೆ. ತಂಗಿ ಇದನ್ನು ಎರಡು ಸಲ ಹೇಳಿಸಿಕೊಂಡಳು.

ಹಾಗಾಗಿ ಹೀಗೆ ಮಾಡಿ. ಸಿಗ್ನಲ್ ಒಂದೋ ಎರಡೋ ಕಡ್ಡಿ ಇದ್ದಾಗ ಉದ್ದ ಮಾತು ಬೇಡ. ತಗಡಿನ ಶೆಡ್ಡಿನೊಳಗೆ ಸಿಗ್ನಲ್ ಬರುವುದೇ ಕಷ್ಟ, ಬಾಗಿಲಿಗೆ ಬಂದು ಮಾತಾಡಿ. ಬಸ್ಸಿನಲ್ಲೂ ಅಷ್ಟೇ. ಸಿಂಧನೂರಿನಿಂದ ರಾಯಚೂರಿಗೆ ಹೋಗುವ ಬಸ್ಸಿನ ಮೈ ಎಲ್ಲ ತಗಡು. ಜೊತೆಗೆ ಒಂದು ಟವರ್ ಬಿಟ್ಟು ಇನ್ನೊಂದನ್ನು ಹಿಡಿಯುತ್ತಾ ಹೋಗಬೇಕು. "ಇಳಿದ ಮೇಲೆ ಮಾಡ್ತೀನಿ" ಅನ್ನಿ.

ಉದ್ದ ಮಾತಿದ್ದರೆ ಸ್ಪೀಕರ್ ಹಾಕಿ ಒಂದು ಗೇಣು ದೂರ ಹಿಡಿಯಿರಿ. ಇಲ್ಲದಿದ್ದರೆ ವಯರಿನ ಇಯರ್‌ಫೋನ್ ಹಾಕಿ. ಬ್ಲೂಟೂತ್ ಆದರೂ ನಡೆಯುತ್ತದೆ, ಅದರ ಬಲ ಫೋನಿನದಕ್ಕಿಂತ ಎಷ್ಟೋ ಪಾಲು ಕಡಿಮೆ. ಡಯಲ್ ಮಾಡಿದ ಕೂಡಲೇ ಕಿವಿಗೆ ಇಡಬೇಡಿ. ಕೀಪ್ಯಾಡ್ ಫೋನ್ ಮೊದಲು ಪೂರ್ತಿ ಬಲದಲ್ಲಿ ಟವರನ್ನು ಹುಡುಕುತ್ತದೆ. ಆ ಕಡೆಯವರು ಎತ್ತಿದ ಮೇಲೆ ಇಟ್ಟುಕೊಳ್ಳಿ.

ಕೀಪ್ಯಾಡ್ ಫೋನ್ ಅಂದ ಕೂಡಲೇ ನನ್ನ ಅವ್ವ ನೆನಪಾಗುತ್ತಾಳೆ. "ಸಣ್ಣ ಫೋನು, ಅದರಾಗ ಏನು ರೇಡಿಯೇಷನ್ ಇರ್ತದ" ಎಂದು ಅವಳ ನಂಬಿಕೆ. ನಮ್ಮ ಕಡೆ ಹಿರಿಯರೆಲ್ಲ ಹಾಗೇ ತಿಳಿದಿದ್ದಾರೆ. ನಿಜ ತಿರುಗಾ ಮುರುಗಾ. ಹಳೆಯ 2ಜಿ ಸೆಟ್ ಬಿಟ್ಟು ಬಿಟ್ಟು ಅಲೆ ಕಳಿಸುತ್ತದೆ. ಕಳಿಸುವ ಆ ಕ್ಷಣದಲ್ಲಿ ಅದರ ಬಲ 2 ವ್ಯಾಟ್‌ವರೆಗೂ ಹೋಗಬಹುದು, ಸರಾಸರಿ ತೆಗೆದರೆ 0.25. ಜೊತೆಗೆ ಬಲ ಇಳಿಸಿಕೊಳ್ಳುವುದರಲ್ಲಿ 4ಜಿ ಫೋನ್ ಇದಕ್ಕಿಂತ ಎಷ್ಟೋ ಜಾಣ. ಅವ್ವನಿಗೆ ಸ್ಪೀಕರ್ ಬಟನ್ ಎಲ್ಲಿದೆ ಎಂದು ತೋರಿಸಿಕೊಟ್ಟೆ. ಈಗ ಫೋನನ್ನು ಮುಂದೆ ಹಿಡಿದು ಮಾತಾಡುತ್ತಾಳೆ, ಓಣಿಗೆಲ್ಲ ಕೇಳುತ್ತದೆ, ಇರಲಿ.

ನಿಮ್ಮ ಫೋನಿನ ಅಂಕಿ ನೋಡಬೇಕಾ? ಡಯಲ್ ಮಾಡುವ ಕಡೆ ಸ್ಟಾರ್, ಹ್ಯಾಶ್, 0, 7, ಹ್ಯಾಶ್ ಒತ್ತಿ. ಹೆಚ್ಚಿನ ಸ್ಮಾರ್ಟ್‌ಫೋನ್‌ಗಳಲ್ಲಿ ಎಸ್‌ಎಆರ್ ಎಂದು ತೋರಿಸುತ್ತದೆ. ಒಂದು ಕಿಲೋ ಮೈಭಾಗ ಎಷ್ಟು ವ್ಯಾಟ್ ಹೀರುತ್ತದೆ ಅನ್ನುವ ಲೆಕ್ಕ ಅದು. ಮೇಲೆ ಹೇಳಿದ 0.08 ಇಡೀ ಮೈಯ ಸರಾಸರಿ, ಇದು ಫೋನ್ ತಾಗುವ ಸಣ್ಣ ಭಾಗದ್ದು. ಭಾರತದಲ್ಲಿ 1.6 ದಾಟಬಾರದು ಎಂದು 2012ರಿಂದ ನಿಯಮ ಇದೆ. ಆ ಅಂಕಿ ಫೋನನ್ನು ಪೂರ್ತಿ ಬಲದಲ್ಲಿ ಓಡಿಸಿ ಅಳೆದದ್ದು. 0.6 ಇರುವ ಫೋನ್ 1.1 ಇರುವುದಕ್ಕಿಂತ ನಿಮ್ಮ ಮನೆಯಲ್ಲಿ ಒಳ್ಳೆಯದೇ ಆಗಿರಬೇಕು ಎಂದೇನಿಲ್ಲ. ಸಿಗ್ನಲ್ ಹೇಗಿದೆ ಅನ್ನುವುದೇ ದೊಡ್ಡದು. ಅಂಗಡಿಗೆ ಬಂದು ಈ ಅಂಕಿಗಾಗಿ ಫೋನ್ ಬದಲಿಸುತ್ತೇನೆ ಅನ್ನುವವರಿಗೆ ನಾನು ಬೇಡ ಅನ್ನುತ್ತೇನೆ.

ಎದೆಯಲ್ಲಿ ಪೇಸ್‌ಮೇಕರ್ ಇರುವವರು ಮಾತ್ರ ಇದನ್ನು ತಪ್ಪದೆ ಪಾಲಿಸಿ. ಫೋನ್ ಅದರಿಂದ ಕಡಿಮೆ ಅಂದರೂ 15 ಸೆಂಟಿಮೀಟರ್ ದೂರ ಇರಬೇಕು. ಅಂಗಿಯ ಮೇಲಿನ ಜೇಬು ಬೇಡವೇ ಬೇಡ. ಪೇಸ್‌ಮೇಕರ್ ಎಡಗಡೆ ಇದ್ದರೆ ಬಲಗಿವಿಗೆ ಹಿಡಿಯಿರಿ. ಹಿಂದೆ ಅಯಸ್ಕಾಂತ ಇರುವ ಹೊಸ ಫೋನ್‌ಗಳೂ ಬಂದಿವೆ, ಇನ್ನೂ ಹುಷಾರಾಗಿರಬೇಕು.

ದಿಂಬಿನ ಕೆಳಗೆ ಫೋನ್ ಇಟ್ಟು ಮಲಗಬೇಡಿ. ಅಲೆಗಿಂತ ಮೊದಲು ಬ್ಯಾಟರಿಗೆ ಹೆದರಿ. ಉಬ್ಬಿದ ಬ್ಯಾಟರಿಗಳನ್ನು ನಾನು ವಾರಕ್ಕೊಂದಾದರೂ ನೋಡುತ್ತೇನೆ. ನಮ್ಮ ಬೇಸಿಗೆಯ ಸೆಕೆಯಲ್ಲಿ ದಿಂಬಿನ ಕೆಳಗೆ ಚಾರ್ಜ್‌ಗೆ ಹಾಕಿದ ಫೋನ್ ಬೆಂಕಿಗೆ ಹತ್ತಿರ. ವೈಫೈ ಡಬ್ಬಿ ಮಂಚದಿಂದ ಒಂದೆರಡು ಮೀಟರ್ ದೂರ ಇದ್ದರೆ ಸಾಕು.

ಟವರನ್ನು ನೋಡುವುದು ಹೇಗೆ

ಜನ ಟವರಿನಲ್ಲಿ ಹೆದರುವುದು ತಪ್ಪು ಭಾಗಕ್ಕೆ. ದುಂಡಗೆ ಡ್ರಮ್ ಹಾಗೆ ಕಾಣುತ್ತದಲ್ಲ, ಅದನ್ನು ಬೆರಳು ಮಾಡಿ ತೋರಿಸುತ್ತಾರೆ. ಅದು ಒಂದು ಟವರಿನಿಂದ ಇನ್ನೊಂದು ಟವರಿಗೆ ಮಾತಾಡುವ ಡಿಷ್. ಅದರ ಅಲೆ ತೆಳ್ಳಗಿನ ಗೆರೆಯ ಹಾಗೆ ನೇರವಾಗಿ ಆ ಕಡೆಯ ಟವರಿಗೆ ಹೋಗುತ್ತದೆ. ಬಲವೂ ಬಹಳ ಕಡಿಮೆ. ಫೋನ್‌ಗಳ ಜೊತೆ ಮಾತಾಡುವುದು ಉದ್ದನೆಯ ಚಪ್ಪಟೆ ಡಬ್ಬಿಗಳು. ಒಂದೊಂದು ಮನುಷ್ಯನಷ್ಟು ಎತ್ತರ ಇರುತ್ತದೆ. ನಾವು ಅದಕ್ಕೆ ಸೆಕ್ಟರ್ ಆಂಟೆನಾ ಅನ್ನುತ್ತೇವೆ. ಸಾಮಾನ್ಯವಾಗಿ ಮೂರು ದಿಕ್ಕಿಗೆ ಮುಖ ಮಾಡಿ ಕಟ್ಟಿರುತ್ತಾರೆ.

ಆ ಡಬ್ಬಿಯ ಮುಖ ಯಾವ ಕಡೆ ಇದೆ ನೋಡಿ. ಅಲೆ ಹೋಗುವುದು ಮುಖದ ಕಡೆಗೆ, ಟಾರ್ಚ್ ಬೆಳಕಿನ ಹಾಗೆ, ಸ್ವಲ್ಪವೇ ಕೆಳಕ್ಕೆ ಬಾಗಿ. ಟವರಿನ ಬುಡಕ್ಕೆ ಬಹಳ ಕಡಿಮೆ ಬೀಳುತ್ತದೆ. ದೀಪದ ಕೆಳಗೆ ಕತ್ತಲೆ ಅನ್ನುತ್ತೇವಲ್ಲ, ಹಾಗೆ. ನೆಲಕ್ಕೆ ಮುಟ್ಟುವುದು ನೂರಾರು ಮೀಟರ್ ಆಚೆ, ಅಷ್ಟರಲ್ಲಿ ಬಲ ಹರಡಿ ಹೋಗಿರುತ್ತದೆ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಒಂದು ಆಂಟೆನಾಕ್ಕೆ 20 ವ್ಯಾಟ್ ಹೋಗುತ್ತದೆ, ಅದು ಎದುರು ದಿಕ್ಕಿಗೆ ಬಲವನ್ನು 50 ಪಟ್ಟು ಮಾಡುತ್ತದೆ ಎಂದುಕೊಳ್ಳಿ. ನೇರ ಎದುರಿನಲ್ಲಿ 100 ಮೀಟರ್ ದೂರದಲ್ಲಿ ಒಂದು ಚದರ ಮೀಟರಿಗೆ ಬೀಳುವುದು ಸುಮಾರು 0.008 ವ್ಯಾಟ್. 2012ರ ಸೆಪ್ಟೆಂಬರ್ 1ರಿಂದ ಭಾರತ ಟವರ್‌ಗಳ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು. ಮೊಬೈಲ್ ಬಳಸುವ ಅಲೆಗಳಲ್ಲಿ ಒಂದಾದ 900 ಮೆಗಾಹರ್ಟ್ಸ್‌ಗೆ ಅದು ಚದರ ಮೀಟರಿಗೆ 0.45 ವ್ಯಾಟ್. ಅಂದರೆ ನಮ್ಮ ಲೆಕ್ಕದ ಆಂಟೆನಾ ಆ ಬಿಗಿ ಮಿತಿಯ ಐವತ್ತರಲ್ಲೊಂದು ಭಾಗವನ್ನೂ ಮುಟ್ಟಲಿಲ್ಲ. ಅಂಥ ಐದು ಆಂಟೆನಾ ಒಂದೇ ಕಡೆ ಮುಖ ಮಾಡಿದ್ದರೂ ಹತ್ತರಲ್ಲೊಂದು ಭಾಗದ ಒಳಗೇ.

ಅದೇ ಲೆಕ್ಕವನ್ನು ಹತ್ತಿರಕ್ಕೆ ತನ್ನಿ. ಒಂದು ಆಂಟೆನಾ ಆದರೆ ಎದುರಿಗೆ 13 ಮೀಟರ್ ಒಳಗೆ, ಐದಾದರೆ 30 ಮೀಟರ್ ಒಳಗೆ ಮಿತಿ ದಾಟುತ್ತದೆ. ಗಮನಿಸಬೇಕಾದ್ದು ಇದನ್ನು. ಹೊಲದಲ್ಲಿ 40 ಮೀಟರ್ ಎತ್ತರ ನಿಂತ ಟವರ್ ಬಗ್ಗೆ ನನಗೆ ಚಿಂತೆ ಇಲ್ಲ. ಊರೊಳಗೆ ಮಾಳಿಗೆಯ ಮೇಲೆ ಗಿಡ್ಡ ಕಂಬ ನೆಟ್ಟು ಆಂಟೆನಾ ಕಟ್ಟಿದ್ದಾರೆ, ಎದುರು ಮನೆಯ ಎರಡನೇ ಅಂತಸ್ತಿನ ಕಿಟಕಿ ಅದೇ ಎತ್ತರಕ್ಕಿದೆ, ನಡುವೆ ಹತ್ತಿಪ್ಪತ್ತು ಮೀಟರ್ ಇದೆ ಅಂದರೆ ಕೇಳಲೇಬೇಕು. ಅಳತೆ ಮಾಡಿಸಲೇಬೇಕು.

ಅಳತೆಗೆ ದೂರಸಂಪರ್ಕ ಇಲಾಖೆ 2017ರಲ್ಲಿ ತರಂಗ ಸಂಚಾರ್ ಎಂಬ ಜಾಲತಾಣ ತೆರೆದಿದೆ. ನಿಮ್ಮ ಊರನ್ನು ನಕ್ಷೆಯಲ್ಲಿ ಹುಡುಕಿ. ಸುತ್ತಲಿನ ಟವರ್‌ಗಳು ಕಾಣುತ್ತವೆ. ಯಾವುದು ನಿಯಮದ ಒಳಗಿದೆ ಎಂದು ನೋಡಬಹುದು. ನಿಮ್ಮ ಮನೆಯಲ್ಲೇ ಬಂದು ಅಳೆಯಿರಿ ಎಂದೂ ಕೇಳಬಹುದು. ಅದು ಶುರುವಾದಾಗ ಇಟ್ಟ ಶುಲ್ಕ 4000 ರೂಪಾಯಿ. ಒಬ್ಬರಿಗೆ ಭಾರ, ಓಣಿಯವರು ಎಲ್ಲ ಸೇರಿದರೆ ಆಗುತ್ತದೆ. ಅಳೆಯಲು ಬಂದಾಗ ಆಂಟೆನಾದ ಎತ್ತರಕ್ಕೆ ಸರಿಯಾಗಿ ಇರುವ ಕೋಣೆಗೆ ಕರೆದುಕೊಂಡು ಹೋಗಿ. ಅಂಗಳದಲ್ಲಿ ಅಳೆದು ಹೋದರೆ ಪ್ರಯೋಜನ ಇಲ್ಲ. ಫೋನಿಗೆ ಹಾಕಿಕೊಳ್ಳುವ ರೇಡಿಯೇಷನ್ ಮೀಟರ್ ಆ್ಯಪ್‌ಗಳನ್ನು ನಂಬಬೇಡಿ. ಎಷ್ಟೋ ಆ್ಯಪ್‌ಗಳು ಫೋನಿನೊಳಗಿನ ದಿಕ್ಸೂಚಿಯನ್ನೇ ಓದಿ ಅಂಕಿ ತೋರಿಸುತ್ತವೆ. ಕಬ್ಬಿಣದ ಕಿಟಕಿ ಹತ್ತಿರ ಹಿಡಿದರೂ ಮುಳ್ಳು ಏರುತ್ತದೆ.

ಆಂಟೆನಾದ ಎದುರು ಮಾತ್ರ ನಿಲ್ಲಬೇಡಿ

ಇದನ್ನು ಬಣ್ಣ ಬಳಿಯುವವರು, ಡಿಷ್ ಕೂರಿಸುವವರು, ನೀರಿನ ಟ್ಯಾಂಕ್ ತೊಳೆಯುವವರು ದಯವಿಟ್ಟು ಓದಬೇಕು.

ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ, ಏಪ್ರಿಲ್ ತಿಂಗಳು. ಒಂದು ಮಾಳಿಗೆ ಸೈಟಿನಲ್ಲಿ ಆಂಟೆನಾ ತಿರುಗಿಸುವ ಕೆಲಸ. ಹತ್ತುವ ಮೊದಲು ಆ ಸೆಕ್ಟರನ್ನು ಬಂದ್ ಮಾಡಬೇಕು, ಅದು ನಿಯಮ. ಮೇಲಿನವರು "ಐದು ನಿಮಿಷದ ಕೆಲಸ, ಹಂಗೇ ಮಾಡು" ಅಂದರು. ನಾನು ಹೊಸಬ, ಎದುರು ಮಾತಾಡಲಿಲ್ಲ. ಐದು ನಿಮಿಷ ಅಂದದ್ದು ಮುಕ್ಕಾಲು ಗಂಟೆ ಆಯಿತು. ಆಂಟೆನಾದ ಮುಖಕ್ಕೆ ಎದೆ ಕೊಟ್ಟು ನಿಂತಿದ್ದೆ. ಮೈ ಕಾಯುತ್ತಿತ್ತು. ಅದು ಬಿಸಿಲಿನ ಕಾವೋ ಆಂಟೆನಾದ ಕಾವೋ ನನಗೆ ಗೊತ್ತಾಗಲಿಲ್ಲ. ಅಪಾಯ ಇರುವುದೇ ಅಲ್ಲಿ. ಬೆಂಕಿ ತಾಗಿದರೆ ಚರ್ಮ ಕೂಡಲೇ ಹೇಳುತ್ತದೆ. ರೇಡಿಯೋ ಅಲೆ ಚರ್ಮದ ಒಳಗೂ ಇಳಿದು ಬಿಸಿ ಮಾಡುತ್ತದೆ, ಮೈ ಅದನ್ನು ತಡವಾಗಿ ತಿಳಿಯುತ್ತದೆ. ಕಣ್ಣಿನ ಮಸೂರಕ್ಕೂ ವೃಷಣಕ್ಕೂ ಬಿಸಿಯನ್ನು ತಾಳುವ ಶಕ್ತಿ ಕಡಿಮೆ. ನನಗೆ ಏನೂ ಆಗಲಿಲ್ಲ. ಆದರೆ ಅವತ್ತಿನಿಂದ ಸೆಕ್ಟರ್ ಬಂದ್ ಆಗದೆ ನಾನು ಒಂದು ಮೆಟ್ಟಿಲೂ ಹತ್ತಲಿಲ್ಲ. ಹುಡುಗರಿಗೂ ಹತ್ತಗೊಡಲಿಲ್ಲ.

ನೀವು ಕೆಲಸಕ್ಕೆ ಹೋದ ಮಾಳಿಗೆಯಲ್ಲಿ ಆಂಟೆನಾ ಇದ್ದರೆ ಅದರ ಹಿಂದಿನಿಂದ, ಬದಿಯಿಂದ ಓಡಾಡಿ. ಮುಂದೆಯೇ ಕೆಲಸ ಇದ್ದರೆ ಮನೆ ಮಾಲೀಕರಿಗೆ ಹೇಳಿ, ಟವರಿನವರಿಂದ ಬಂದ್ ಮಾಡಿಸಿದ ಮೇಲೆ ಹೋಗಿ. ಕೂಲಿ ತಪ್ಪುತ್ತದೆ ಎಂದು ಸುಮ್ನೆ ನಿಲ್ಲಬೇಡಿ. ಮಕ್ಕಳು ಗಾಳಿಪಟ ಹಾರಿಸಲು ಅಂಥ ಮಾಳಿಗೆ ಹತ್ತದ ಹಾಗೆ ಬಾಗಿಲಿಗೆ ಬೀಗ ಇರಲಿ.

ಗುಬ್ಬಿ, ಜೇನು, ದನ

ಗುಬ್ಬಿ ಹೋದದ್ದು ಟವರಿನಿಂದ ಎಂದು ಎಲ್ಲರೂ ಹೇಳುತ್ತಾರೆ. ನಾನು ಟವರಿನ ಮೇಲೆ ಕಾಗೆ, ಹದ್ದು ಗೂಡು ಕಟ್ಟಿ ಮರಿ ಮಾಡಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಅಷ್ಟಕ್ಕೇ ಅಪಾಯ ಇಲ್ಲ ಎಂದು ಸಾಬೀತಾಗದು, ಅದು ನನಗೂ ಗೊತ್ತು. ಆದರೆ ಗುಬ್ಬಿಯ ಕಥೆಯಲ್ಲಿ ಬೇರೆ ಕಾರಣಗಳು ಕಣ್ಣೆದುರಿಗೇ ಇವೆ. ನಮ್ಮ ಮಣ್ಣಿನ ಮಾಳಿಗೆ ಮನೆಗಳ ಜಂತಿ ಸಂದಿಯಲ್ಲಿ ಗುಬ್ಬಿ ಗೂಡು ಇರುತ್ತಿತ್ತು. ಈಗ ಆರ್‌ಸಿಸಿ. ಕಾಲುವೆ ಬಂದ ಮೇಲೆ ಜೋಳದ ಹೊಲ ಹೋಗಿ ಭತ್ತ ಬಂತು, ಜೊತೆಗೆ ಬೆಳೆಗೆ ಕೀಟನಾಶಕ ಹೊಡೆಯುವುದೂ ಬಂತು. ಮರಿಗೆ ತಿನ್ನಿಸಲು ಹುಳ ಎಲ್ಲಿ ಸಿಗಬೇಕು?

ಹಾಗೆಂದು ಜೀವಿಗಳಿಗೆ ಈ ಅಲೆ ಗೊತ್ತೇ ಆಗುವುದಿಲ್ಲ ಎಂದೂ ಹೇಳಲಾಗದು. ಜರ್ಮನಿಯ ಓಲ್ಡನ್‌ಬುರ್ಗ್‌ನಲ್ಲಿ ರಾಬಿನ್ ಹಕ್ಕಿಗಳ ಮೇಲೆ ಮಾಡಿದ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ವಲಸೆ ಹೋಗುವ ಈ ಹಕ್ಕಿಗಳು ಭೂಮಿಯ ಅಯಸ್ಕಾಂತ ಬಲದಿಂದ ದಿಕ್ಕು ತಿಳಿಯುತ್ತವೆ. ಊರೊಳಗಿನ ಮರದ ಗುಡಿಸಲಲ್ಲಿ ಇಟ್ಟಾಗ ಅವುಗಳಿಗೆ ದಿಕ್ಕೇ ತಿಳಿಯಲಿಲ್ಲ. ಗುಡಿಸಲಿಗೆ ಅಲ್ಯೂಮಿನಿಯಂ ಹೊದಿಸಿ ಅರ್ತಿಂಗ್ ಕೊಟ್ಟಾಗ ಮತ್ತೆ ತಿಳಿಯಿತು. ಅಲ್ಲಿ ತೊಂದರೆ ಕೊಟ್ಟದ್ದು ಮೊಬೈಲ್ ಅಲೆ ಅಲ್ಲ. ಅದಕ್ಕಿಂತ ಬಹಳ ಕಡಿಮೆ ಫ್ರೀಕ್ವೆನ್ಸಿಯ, ರೇಡಿಯೋ ಸ್ಟೇಷನ್ ಮತ್ತು ವಿದ್ಯುತ್ ಉಪಕರಣಗಳಿಂದ ಬರುವ ಅಲೆ. ಎಂಥ ಸಣ್ಣ ಬಲಕ್ಕೆ ಹಕ್ಕಿಯ ದಿಕ್ಕು ತಪ್ಪಿತು ಎಂದು ಓದಿದಾಗ ನಾನು ಬಹಳ ಹೊತ್ತು ಅದನ್ನೇ ಯೋಚಿಸಿದೆ. ಅದಕ್ಕೇ ಜೇನು ಪೆಟ್ಟಿಗೆ ಇಡುವವರಿಗೆ ಆಂಟೆನಾದ ನೇರ ಎದುರು ಬಿಟ್ಟು ಇಡಿ ಎಂದು ಹೇಳುತ್ತೇನೆ. ದನದ ಕೊಟ್ಟಿಗೆ ನೆಲದ ಮೇಲೆ ಇರುವುದರಿಂದ ಆ ಚಿಂತೆ ಬೇಡ.

ದುಡ್ಡು ಕಳೆದುಕೊಳ್ಳುವ ಮೊದಲು

ಫೋನಿನ ಹಿಂದೆ ಅಂಟಿಸುವ ರೇಡಿಯೇಷನ್ ತಡೆಯುವ ಸ್ಟಿಕರ್ ನಾನು ಮಾರುವುದಿಲ್ಲ. ನಿಜವಾಗಿ ಅಲೆ ತಡೆದರೆ ಫೋನ್ ಕೆಲಸ ಮಾಡಬಾರದು. ಅರ್ಧ ತಡೆದರೆ ಫೋನ್ ಇನ್ನೂ ಜೋರಾಗಿ ಕೂಗುತ್ತದೆ.

ಟವರ್ ಹತ್ತಿರ ಬಂದಾಗಿನಿಂದ ತಲೆನೋವು, ನಿದ್ದೆ ಇಲ್ಲ ಅನ್ನುವವರನ್ನು ನಾನು ಸುಳ್ಳು ಅನ್ನುವುದಿಲ್ಲ. ನೋವು ನಿಜ. ಆದರೆ ಅಲೆ ಬಿಟ್ಟಿದ್ದಾರೋ ಇಲ್ಲವೋ ಎಂದು ಹೇಳದೆ ಮಾಡಿದ ಪರೀಕ್ಷೆಗಳಲ್ಲಿ, ಅಂಥವರಿಗೆ ಅಲೆ ಇದ್ದಾಗ ಮತ್ತು ಇಲ್ಲದಾಗ ವ್ಯತ್ಯಾಸ ತಿಳಿಯಲಿಲ್ಲ. ಆದ್ದರಿಂದ ಟವರ್ ಎಂದುಕೊಂಡು ಕೂರಬೇಡಿ, ಡಾಕ್ಟರಿಗೆ ತೋರಿಸಿ. ಬಿಪಿ, ರಕ್ತ, ಕಣ್ಣು ಪರೀಕ್ಷೆ ಮಾಡಿಸಿ. ತಂಗಿಗೂ ಅದನ್ನೇ ಹೇಳಿದೆ. ಆಶಾ ಅಕ್ಕ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಅವಳು ಹೊಟ್ಟೆ ತೊಳಸುತ್ತದೆ ಎಂದು ಬಿಟ್ಟಿದ್ದಳು. ಕೂಸಿಗೆ ತೊಂದರೆ ಆಗುವುದು ಹಾಗೆ ಮಾತ್ರೆ ಬಿಟ್ಟರೆ. ಅವತ್ತು ರಾತ್ರಿ ಊಟ ಆದ ಮೇಲೆ ನುಂಗಿದಳು.

ಟವರಿನ ಬುಡ

ಆಮೇಲೆ ನಾನೇ ತಂಗಿಯ ಊರಿಗೆ ಹೋಗಿ ನೋಡಿದೆ. ಟವರ್ 40 ಮೀಟರ್ ಇತ್ತು. ಆಂಟೆನಾ ಯಾವುದೂ ಅವರ ಮನೆಯ ಎತ್ತರಕ್ಕೆ ಇರಲಿಲ್ಲ. ಆದರೆ ಬುಡದಲ್ಲಿ ಡೀಸೆಲ್ ಜನರೇಟರ್ ಇತ್ತು. ಅದರ ಹೊಗೆ ಕೊಳವೆ ನೇರ ತಂಗಿ ಮಲಗುವ ಕೋಣೆಯ ಕಿಟಕಿಗೆ ಮುಖ ಮಾಡಿತ್ತು. ಕರೆಂಟ್ ಹೋದಾಗಲೆಲ್ಲ ಹೊಗೆ, ಸದ್ದು. ಡೀಸೆಲ್ ಹೊಗೆ 2012ರಿಂದ 1ನೇ ಗುಂಪಿನಲ್ಲಿದೆ, ಬೀಡಿ ಸಿಗರೇಟಿನ ಗುಂಪಿನಲ್ಲೇ. ಊರವರೆಲ್ಲ ಮೇಲೆ ನೋಡುತ್ತಿದ್ದರು, ಕೆಳಗೆ ಯಾರೂ ನೋಡಿರಲಿಲ್ಲ.

ಹೀಗೆ ಬರೆದುಕೊಟ್ಟೆವು. ಪಂಚಾಯ್ತಿಗೆ ಒಂದು ಅರ್ಜಿ, ಟವರ್ ಗೇಟಿನ ಬೋರ್ಡಿನಲ್ಲಿದ್ದ ವಿಳಾಸಕ್ಕೆ ಅದರ ನಕಲು. ಸೈಟ್ ನಂಬರ್ ಹಾಕಿದೆವು, ಆ ನಂಬರ್ ಇಲ್ಲದಿದ್ದರೆ ಅರ್ಜಿ ಎಲ್ಲಿಗೂ ಮುಟ್ಟುವುದಿಲ್ಲ. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಜನರೇಟರ್ ಓಡಿತು ಎಂದು ಒಂದು ವಾರದ ಪಟ್ಟಿ, ಕಿಟಕಿ ಮತ್ತು ಕೊಳವೆ ಎರಡೂ ಕಾಣುವ ಒಂದು ಫೋಟೋ. ಕೇಳಿದ್ದು ಮೂರೇ: ಕೊಳವೆ ಎತ್ತರಿಸಿ ಹೊಲದ ಕಡೆ ತಿರುಗಿಸಿ, ಸದ್ದಿನ ಮುಚ್ಚಳ ಸರಿ ಮಾಡಿ, ಬ್ಯಾಟರಿ ಬದಲಿಸಿ. ಬ್ಯಾಟರಿ ಸರಿ ಇದ್ದರೆ ಕರೆಂಟ್ ಹೋದ ಕೂಡಲೇ ಜನರೇಟರ್ ಓಡಬೇಕಾಗಿಲ್ಲ. ಟವರ್ ತೆಗೆಯಿರಿ ಎಂದು ನಾವು ಬರೆಯಲಿಲ್ಲ. ಐದು ವಾರ ಹಿಡಿಯಿತು, ಎರಡು ಸಲ ನೆನಪು ಮಾಡಬೇಕಾಯಿತು. ಕೊಳವೆ ತಿರುಗಿಸಿದರು, ಬ್ಯಾಟರಿಯೂ ಹೊಸದು ಬಂತು. ತಂಗಿ ಬಾಣಂತನ ಮುಗಿಸಿ ಕೂಸನ್ನು ಎತ್ತಿಕೊಂಡು ಹೋಗುವ ಹೊತ್ತಿಗೆ ಆ ಕಿಟಕಿ ತೆರೆದಿಡುವ ಹಾಗೆ ಆಗಿತ್ತು.